ಇಪ್ಪತ್ತಮೂರು ಪ್ರಶ್ನೆಗಳ ಮರುಳಸಿದ್ದಪ್ಪ

ಹಿಂದೂಪುರದ ಹುಣಸೆಹಣ್ಣಿನ ಮಂಡಿಗಳ ಹಿಂದಿನ ಬೀದಿಯಲ್ಲಿ, ಬೆಳಿಗ್ಗೆ ಎಂಟೂವರೆಯ ಹೊತ್ತಿಗೆ, ಅಶ್ವತ್ಥಪ್ಪ ಎಂಬ ರೈತ ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಬುತ್ತಿಗಂಟು ಹಿಡಿದು, ಒಂದು ಜಗಲಿಯ ಮುಂದೆ ನಿಂತು ತನ್ನ ಅಜ್ಜಿಯ ಹೆಸರನ್ನು ನೆನಪು ಮಾಡಿಕೊಳ್ಳುತ್ತಿದ್ದ.

ಜಗಲಿಯ ಮೇಲೆ ಚಾಪೆ ಹಾಸಿಕೊಂಡು ಕೂತಿದ್ದವನು ಮರುಳಸಿದ್ದಪ್ಪ. ವಯಸ್ಸು ಐವತ್ತೆರಡು, ಹಣೆಯಲ್ಲಿ ಮೂರು ಬೆರಳಿನ ವಿಭೂತಿ. ತೊಡೆಯ ಮೇಲೆ ಗಟ್ಟಿ ರಟ್ಟಿನ ದಪ್ಪ ಪುಸ್ತಕ, ಬಲಗಡೆ ಎರಡು ಮಸಿಕುಡಿಕೆ, ಒಂದರಲ್ಲಿ ಕಪ್ಪು, ಇನ್ನೊಂದರಲ್ಲಿ ಕೆಂಪು. ಕಪ್ಪು ಮಸಿಯ ಲೇಖನಿ ಹದಿನೆಂಟನೆಯ ಪ್ರಶ್ನೆಯ ಮೇಲೆ ನಿಂತಿತ್ತು.

"ಅಜ್ಜಿ ಅಂತಾನೇ ಕರೀತಿದ್ದೋ ಸಾವ್ಕಾರ್ರೇ," ಅಂದ ಅಶ್ವತ್ಥಪ್ಪ.

"ನೀವು ಅಜ್ಜಿ ಅಂತೀರಿ ಕಣಪ್ಪ. ಊರೋರು ಏನಂತಿದ್ರು?"

"ಅವ್ರೂ ಅಜ್ಜಿ ಅಂತಾನೇ ಅಂತಿದ್ರು. ಊರಿಗೆಲ್ಲ ಅವಳೇ ಸೂಲಗಿತ್ತಿ."

"ನಿಮ್ಮಜ್ಜ ಏನಂತ ಕೂಗ್ತಿದ್ದ?"

"ಅಜ್ಜ 'ಏಯ್' ಅಂತಿದ್ದ."

ಮರುಳಸಿದ್ದಪ್ಪ ಕಪ್ಪು ಲೇಖನಿಯನ್ನು ಕೆಳಗಿಟ್ಟು ಕೆಂಪನ್ನು ಎತ್ತಿಕೊಂಡ. "ಜಾಗ ಇಲ್ಲ ಕಣಯ್ಯ. ಛತ್ರಕ್ಕೆ ಹೋಗು."

"ಛತ್ರ ತುಂಬೋಗೈತೆ. ಮೂಟೆ ಎಲ್ಲ ಮಂಡೀಲಿ ಇಳಿಸ್ಬುಟ್ಟು ಬಂದಿವ್ನಿ. ಹರಾಜು ಆಗೋಕೆ ಮೂರು ದಿನ ಅಂತಾರೆ. ಅಲ್ಲೀಗಂಟ ಎಲ್ಲಿರ್ಲಿ?"

"ಅದನ್ನ ನಿಮ್ಮಜ್ಜೀನ ಕೇಳು."

"ನನ್ ಹೆಸ್ರು, ನಮ್ಮಪ್ಪನ ಹೆಸ್ರು, ನಮ್ಮೂರು, ನಮ್ಮೂರ ಬಾವಿ, ಎಲ್ಲಾ ಹೇಳಿದೀನಿ. ಸತ್ತು ಇಪ್ಪತ್ತು ವರ್ಷ ಆದೋಳ ಹೆಸ್ರಿಗೆ ನನ್ನ ಆಚೆ ಹಾಕ್ತೀರಲ್ಲ!"

ಕೆಂಪು ಮಸಿಯಲ್ಲಿ ಬರೆಯುವಾಗ ಮರುಳಸಿದ್ದಪ್ಪ ಮಾತಾಡುವುದಿಲ್ಲ. ಕಲ್ಯಾಣದುರ್ಗದ ಪಕ್ಕದ ಹಳ್ಳಿಯ ಅಶ್ವತ್ಥಪ್ಪ ಆ ಮೂರು ದಿನ ಮಂಡಿಯ ಸೂರಿನ ಕೆಳಗೆ, ತನ್ನದೇ ಹುಣಸೆ ಮೂಟೆಗಳ ಮೇಲೆ ಮಲಗಿದ.

ಅದು ೧೯೫೧ರ ಮಾಘ ಮಾಸ. ಮಾಘದಿಂದ ಯುಗಾದಿಯವರೆಗೆ ಹಿಂದೂಪುರದಲ್ಲಿ ಹುಣಸೆಹಣ್ಣಿಗೆ ಸುಗ್ಗಿ, ಮಲಗುವ ಜಾಗಕ್ಕೆ ಬರ. ಮಡಕಶಿರಾ, ಕಲ್ಯಾಣದುರ್ಗ, ಬೆಳುಗುಪ್ಪ, ಗಡಿಯಾಚೆಯ ಪಾವಗಡ, ಎಲ್ಲ ಕಡೆಯಿಂದ ಗಾಡಿಗಳು ಬಂದು ಬೀದಿಯಲ್ಲಿ ಸಾಲು ನಿಲ್ಲುತ್ತವೆ. ಹಣ್ಣು ತೂಕವಾಗಿ ಹರಾಜಾಗುವ ತನಕ ಬಂದವರು ಊರಿನಲ್ಲೇ ಇರಬೇಕು. ಛತ್ರದಲ್ಲಿ ಕಾಲಿಡಲು ತೆರಪಿಲ್ಲದಾಗ ಮಂಡಿಯ ಸುತ್ತಲಿನ ಸಂಸಾರಸ್ಥರು ತಮ್ಮ ಮುಂದಿನ ಕೋಣೆಗಳನ್ನು ಮೂರು ದಿನಕ್ಕೆ, ನಾಲ್ಕು ದಿನಕ್ಕೆ ಬಾಡಿಗೆಗೆ ಬಿಡುತ್ತಾರೆ. ಮಿಕ್ಕ ಮನೆಗಳಲ್ಲಿ ಬಂದವನನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿ, ಯಾವ ಮಂಡಿಗೆ ಹಣ್ಣು ಹಾಕಿದ್ದಾನೆ ಎಂದು ಕೇಳಿ, ಚಾಪೆ ತೋರಿಸುತ್ತಿದ್ದರು. ಮಂಡಿಯ ಗುಮಾಸ್ತನನ್ನು ವಿಚಾರಿಸಿದರೆ ಅರ್ಧ ಗಳಿಗೆಯಲ್ಲಿ ಗುರುತು ಸಿಗುತ್ತಿತ್ತು. ಇಷ್ಟು ಸುಲಭದ ದಾರಿ ಮರುಳಸಿದ್ದಪ್ಪನಿಗೆ ಒಗ್ಗುತ್ತಿರಲಿಲ್ಲ.

ಯುದ್ಧದ ಕಾಲದಲ್ಲಿ ಒಬ್ಬ ಪೊಲೀಸಿನವನು ಬೀದಿಯಲ್ಲಿ ಹಾದು ಹೋಗುತ್ತಾ, ಪರಸ್ಥಳದವರನ್ನು ಇಟ್ಟುಕೊಳ್ಳುವವರು ಹೆಸರು, ತಂದೆಯ ಹೆಸರು, ಊರು, ಬಂದ ಕೆಲಸ, ಹೋಗುವ ದಿನ, ಇಷ್ಟನ್ನು ಬರೆದಿಡುವುದು ಒಳ್ಳೆಯದು ಎಂದು ಹೇಳಿದ್ದ. ಯುದ್ಧ ಮುಗಿಯಿತು, ಪೊಲೀಸಿನವನು ಮತ್ತೆ ಆ ಮಾತೆತ್ತಲಿಲ್ಲ. ಮರುಳಸಿದ್ದಪ್ಪನ ಪುಸ್ತಕದಲ್ಲಿ ಮಾತ್ರ ಆ ಐದು ಕಲಮುಗಳು ವರ್ಷಕ್ಕೆ ಎರಡು ಮೂರರಂತೆ ಬೆಳೆದು ಇಪ್ಪತ್ತಮೂರಾದವು. ಮನೆತನದ ಹೆಸರು, ಗುರುಮನೆ, ವಂಶದ ಗುರುತಾದ ಬೆಡಗು, ತಾಯಿಯ ತವರು, ಹೆಂಡತಿಯ ತವರು, ಸೋದರಮಾವನ ಕಸುಬು ಎಲ್ಲಕ್ಕೂ ಒಂದೊಂದು ಕಲಮಿತ್ತು. ಊರ ಬಾವಿ ಯಾವ ದಿಕ್ಕಿಗೆ ಎನ್ನುವುದಕ್ಕೂ, ಊರ ದೇವರು ಯಾವ ಕಡೆ ಮುಖ ಮಾಡಿದೆ ಎನ್ನುವುದಕ್ಕೂ ಇತ್ತು. ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಅವನು ಎರಡು ಸಲ ಕೂತು ಎರಡು ಸಲವೂ ಹಿಂದಿರುಗಿದವನು. ಪಾಸಾಗಲಾರದ ಮನುಷ್ಯನಿಗೆ ಫೇಲು ಮಾಡುವ ಅಧಿಕಾರ ಸಿಕ್ಕಿದರೆ ಅವನು ಅದನ್ನು ಬೆಳಿಗ್ಗೆ ಎಂಟಕ್ಕೇ ಶುರು ಮಾಡುತ್ತಾನೆ.

ಈ ಪರೀಕ್ಷೆಯಲ್ಲಿ ಒಂದು ಸಣ್ಣ ತೊಡಕಿತ್ತು. ಉತ್ತರ ಸರಿಯೋ ತಪ್ಪೋ ಎಂದು ತಿಳಿಯುವ ದಾರಿ ಪರೀಕ್ಷಕನಿಗೆ ಇರಲಿಲ್ಲ. ಬೆಳುಗುಪ್ಪವನ್ನು ಮರುಳಸಿದ್ದಪ್ಪ ಕಂಡಿರಲಿಲ್ಲ. ಅಲ್ಲಿಯ ಬಾವಿ ಮೂಡಲಿಗಿದ್ದರೂ ಪಡುವಲಿಗಿದ್ದರೂ ಅವನಿಗೆ ಒಂದೇ. ಆದ್ದರಿಂದ ಅವನು ಉತ್ತರವನ್ನು ಬಿಟ್ಟು ಉತ್ತರದ ವೇಗವನ್ನು ಅಳೆಯುತ್ತಿದ್ದ. ತಟ್ಟನೆ ಹೇಳಿದವನು ನಿಜಸ್ಥ, ತಲೆ ಕೆರೆದವನು ಕಳ್ಳ. ಪ್ರಾಮಾಣಿಕನಾದ ರೈತ ಸೋದರಮಾವನ ಕಸುಬು ಕೇಳಿದರೆ ಯಾವ ಮಾವ, ದೊಡ್ಡವನೋ ಚಿಕ್ಕವನೋ ಎಂದು ನಿಂತು ಯೋಚಿಸುತ್ತಾನೆ. ಮೋಸ ಮಾಡಲು ಬಂದವನು ಯೋಚನೆಯನ್ನೆಲ್ಲ ದಾರಿಯಲ್ಲೇ ಮುಗಿಸಿಕೊಂಡು ಬಂದಿರುತ್ತಾನೆ. ಎಂಟು ವರ್ಷದಲ್ಲಿ ಈ ವ್ಯತ್ಯಾಸ ಮರುಳಸಿದ್ದಪ್ಪನಿಗೆ ಹೊಳೆದಿರಲಿಲ್ಲ.

ಅಶ್ವತ್ಥಪ್ಪನನ್ನು ಕಳಿಸಿದ ದಿನವೇ, ಮಧ್ಯಾಹ್ನ, ಮುಂದಿನ ಎರಡು ಕೋಣೆಗಳಲ್ಲಿ ಖಾಲಿ ಉಳಿದದ್ದಕ್ಕೆ ಬೆಳುಗುಪ್ಪದ ಮಲ್ಲಿಕಾರ್ಜುನಪ್ಪ ಬಂದ. ನಲವತ್ತರ ಆಸುಪಾಸಿನ ತೆಳ್ಳಗಿನ ಮನುಷ್ಯ, ಒಗೆದ ಬಿಳಿ ಅಂಗಿ, ಅಚ್ಚುಕಟ್ಟಾಗಿ ಎಳೆದ ವಿಭೂತಿ. ಸೋದರಳಿಯನಿಗೆ ಹೆಣ್ಣು ನೋಡಲು ಬಂದಿದ್ದೇನೆ ಅಂದ. ಇಪ್ಪತ್ತಮೂರು ಪ್ರಶ್ನೆಗಳಿಗೂ ಅವನಿಂದ ಉತ್ತರ ನಲ್ಲಿ ತಿರುಗಿಸಿದಂತೆ ಬಂತು. ಬಾವಿ ಊರ ಈಶಾನ್ಯಕ್ಕೆ, ಸರ್ಕಾರದ್ದು, ಕಲ್ಲು ಕಟ್ಟಡದ್ದು. ಬಸವಣ್ಣನ ಗುಡಿ ಪೂರ್ವಕ್ಕೆ ಮುಖ, ಅದರ ಹಿಂದೆ ಓಣಿ, ಓಣಿಯಾಚೆ ಕುಂಬಾರರ ಹಿತ್ತಲು. ಅಜ್ಜಿಯ ಹೆಸರಿನ ಜೊತೆಗೆ ಅವಳ ತಂದೆಯ ಹೆಸರನ್ನೂ ಕೇಳದೆಯೇ ಹೇಳಿದ.

"ನೋಡು, ಇದು ಮನೆತನ ಅಂದ್ರೆ," ಅಂದ ಮರುಳಸಿದ್ದಪ್ಪ ಒಳಗೆ ಹೋಗಿ ಹೆಂಡತಿಗೆ. ಆ ಸಂಜೆ ಅತಿಥಿಗೆ ತನ್ನ ಪಕ್ಕದಲ್ಲೇ, ನಡುಮನೆಯಲ್ಲಿ, ಎಲೆ ಹಾಕಿಸಿದ. ಬೇರೆ ಜಾತಿಯವರಾದರೆ ಕೊಟ್ಟಿಗೆಯ ಪಕ್ಕದ ಜಗಲಿಯಲ್ಲಿ ಊಟ, ಅಲ್ಲೇ ಮಲಗುವುದು. ನಡುಮನೆ ನಮ್ಮವರಿಗೆ ಮಾತ್ರ ಎನ್ನುವುದು ಆ ಮನೆಯ ಕಟ್ಟಳೆ.

ಹೆಂಡತಿ ದ್ರಾಕ್ಷಾಯಣಮ್ಮ ಬಡಿಸಿ ಬಂದು ಅಡಿಗೆಮನೆಯ ಬಾಗಿಲಿಗೆ ಗಂಡನನ್ನು ಕರೆದಳು.

"ರೀ, ನಿಮ್ಮ ಬೆಳುಗುಪ್ಪದೋರು ಲಿಂಗಪೂಜೆ ಮಾಡ್ದೆ ಎಲೆ ಮುಂದೆ ಕೂತ್ಬುಟ್ರಲ್ಲ."

"ಬೆಳಿಗ್ಗೇನೇ ಮುಗಿಸಿರ್ತಾರೆ."

"ಸಂಜೆ ಊಟಕ್ಕೂ ಮಾಡ್ಬೇಕಲ್ವಾ? ಕೊರಳಲ್ಲಿ ಲಿಂಗದ ಕರಡಿಗೆನೂ ಕಾಣ್ಲಿಲ್ಲ ನನಗೆ."

"ಅಂಗಿ ಒಳಗಿರ್ತದೆ. ಇಪ್ಪತ್ತಮೂರಕ್ಕೂ ಜವಾಬು ಕೊಟ್ಟವ್ರೆ ಕಣೆ, ಒಂದ್ಕಡೆನೂ ತಡವರಿಸ್ಲಿಲ್ಲ. ನೀನು ಅಡಿಗೆ ನೋಡ್ಕೋ."

"ನಾನು ಅಡಿಗೇನೇ ನೋಡ್ತಿದ್ದೆ. ಅವ್ರು ತಿನ್ನೋದು ಕಣ್ಣಿಗೆ ಬಿತ್ತು," ಅಂದಳು ದ್ರಾಕ್ಷಾಯಣಮ್ಮ.

ಮಲ್ಲಿಕಾರ್ಜುನಪ್ಪ ನಾಲ್ಕು ದಿನ ಇದ್ದ. ಹೋಗುವಾಗ ಇಬ್ಬರಿಗೂ ಕೈಮುಗಿದು ಹೋದ. ಮರುಳಸಿದ್ದಪ್ಪ ಅವನ ಹೆಸರಿನ ಮುಂದೆ "ಉತ್ತಮ" ಎಂದು ಬರೆದ. ಆ ಮಾತು ಪುಸ್ತಕದಲ್ಲಿ ಅದುವರೆಗೆ ಐದು ಕಡೆ ಮಾತ್ರ ಇತ್ತು.

ಬಂದವರ್ಯಾರೂ ಒಂದು ಪ್ರಶ್ನೆಯನ್ನು ತಿರುಗಿಸಿ ಕೇಳಿರಲಿಲ್ಲ. ಈ ಮನೆ ಯಾರದು? ಕೇಳಿದ್ದರೆ ಮರುಳಸಿದ್ದಪ್ಪ ತಲೆ ಕೆರೆಯಬೇಕಾಗುತ್ತಿತ್ತು. ಮನೆ ಸ್ಟೇಷನ್ ರಸ್ತೆಯ ನರಸಿಂಹಯ್ಯನದು. ಮರುಳಸಿದ್ದಪ್ಪ ಅದರಲ್ಲಿ ಹದಿನೆಂಟು ವರ್ಷದಿಂದ ಬಾಡಿಗೆಗೆ ಇದ್ದವನು. ಫಾಲ್ಗುಣದಲ್ಲಿ ಒಂದು ದಿನ ನರಸಿಂಹಯ್ಯ ಬಂದು, ಜಗಲಿಯ ಮೇಲೆ ಕೂರದೆ ನಿಂತೇ ಹೇಳಿದ:

"ಸಿದ್ದಪ್ಪನೋರೇ, ಹುರಿಗಡಲೆ ಮಿಲ್ಲು ಹಾಕೋರು ಈ ಜಾಗ ಕೇಳ್ತಾವ್ರೆ. ನೀವು ಹಳಬ್ರು, ಮೊದ್ಲು ನಿಮ್ಗೇ ಹೇಳ್ತೀನಿ. ಯುಗಾದಿ ಒಳಗೆ ತಗೊಂಡ್ರೆ ನಿಮ್ದು. ಇಲ್ದಿದ್ರೆ ಹಬ್ಬದ ಮಾರನೆ ದಿನ ಅವ್ರು ಗೋಡೆ ಒಡೀತಾರೆ."

ಮರುಳಸಿದ್ದಪ್ಪನಿಗೆ ಇದ್ದದ್ದು ಒಂದೇ ಆಸ್ತಿ, ಕಲ್ಯಾಣದುರ್ಗದಲ್ಲಿ ತಂದೆ ಬಿಟ್ಟುಹೋದ ಹಳೆಯ ಮನೆ. ಹನ್ನೆರಡು ವರ್ಷದವನಿದ್ದಾಗ ಆ ಊರು ಬಿಟ್ಟವನು ಮತ್ತೆ ಕಾಲಿಟ್ಟಿರಲಿಲ್ಲ. ದಲಾಲಿಯೊಬ್ಬನ ಮೂಲಕ, ಕಾಗದದ ಮೇಲೆಯೇ, ಗಿರಾಕಿ ಗೊತ್ತಾಯಿತು. ಬಳ್ಳಾರಿಯಿಂದ ಹೊಸದಾಗಿ ಬಂದ ಹೆಣ್ಣುಮಕ್ಕಳ ಶಾಲೆಯ ಉಪಾಧ್ಯಾಯಿನಿ, ಸರ್ವಮಂಗಳಮ್ಮ. ಅದನ್ನು ಮಾರಿದರೆ ಇದನ್ನು ಕೊಳ್ಳಬಹುದು. ಮಾರದಿದ್ದರೆ ಗಂಡ ಹೆಂಡತಿ ಇಬ್ಬರೂ ಬೀದಿಗೆ, ಪುಸ್ತಕದ ಸಮೇತ.

ಯುಗಾದಿಗೆ ನಾಲ್ಕು ದಿನವಿದ್ದಾಗ ಅವನು ಪೆನುಕೊಂಡದಲ್ಲಿ ಬಸ್ಸು ಬದಲಿಸಿ ಕಲ್ಯಾಣದುರ್ಗಕ್ಕೆ ಬಂದಿಳಿದ. ಕ್ರಯಪತ್ರ ಬರೆದು ಸಿದ್ಧವಾಗಿತ್ತು. ರಿಜಿಸ್ಟರ್ ಆಗುವುದೊಂದೇ ಬಾಕಿ. ಸಬ್ ರಿಜಿಸ್ಟ್ರಾರ್ ಶ್ರೀರಾಮುಲು ಮರುದಿನದಿಂದ ರಜೆ, ಹಬ್ಬ ಮುಗಿಸಿಯೇ ಬರುವುದು ಎಂದು ಕಚೇರಿಯ ಬಾಗಿಲಲ್ಲೇ ಬರೆದಿತ್ತು. ವರಾಂಡ ಜಾತ್ರೆಯಾಗಿತ್ತು. ಮರುಳಸಿದ್ದಪ್ಪನ ಸರದಿ ಬಂದಾಗ ಮೂರು ಗಂಟೆ.

"ಮರುಳಸಿದ್ದಪ್ಪ ಎವರಂಡಿ?" ಅಂದರು ಶ್ರೀರಾಮುಲು, ಕಾಗದದಿಂದ ತಲೆ ಎತ್ತದೆ. ಅವರಿಗೆ ಮೊದಲ ಮಾತು ತೆಲುಗಿನಲ್ಲಿ, ಆಮೇಲೆ ಕನ್ನಡ.

"ನಾನೇ ಸಾರ್."

"ನೀವೇ ಅಂತ ಹೇಳೋರು ಯಾರು?"

"ನಾನೇ ಹೇಳ್ತಿದೀನಲ್ಲ ಸಾರ್."

"ಇಲ್ಲಿಗೆ ಬರೋರೆಲ್ಲ ತಾವೇ ಹೇಳ್ಕೋತಾರಂಡಿ. ನಿಮ್ಮನ್ನ ಖುದ್ದಾಗಿ ಬಲ್ಲ ಈ ಊರಿನವರು ಒಬ್ಬರು ಬಂದು ಗುರುತು ಹೇಳಿ ಸಹಿ ಹಾಕ್ಬೇಕು. ಈಯಮ್ಮ ಬಲ್ಲರಾ?"

ಸರ್ವಮಂಗಳಮ್ಮ ಕನ್ನಡಕ ಸರಿಮಾಡಿಕೊಂಡು ಮರುಳಸಿದ್ದಪ್ಪನನ್ನು ನೋಡಿದರು. "ಇವರನ್ನ ನಾನು ಇವತ್ತೇ ನೋಡಿದ್ದು. ಅಕ್ಷರ ಚೆನ್ನಾಗಿದೆ, ಅಷ್ಟೇ ಗೊತ್ತು," ಅಂದರು.

ಮರುಳಸಿದ್ದಪ್ಪ ಬಗಲಿನ ಚೀಲದಿಂದ ರಟ್ಟಿನ ಪುಸ್ತಕ ತೆಗೆದು ಮೇಜಿನ ಮೇಲಿಟ್ಟ. ಊರಿಂದ ಹೊರಡುವಾಗಲೇ ಅದನ್ನು ಇಂಥ ಹೊತ್ತಿಗೆ ಎಂದು ತಂದಿದ್ದ.

"ಇದಿ ಏಮಂಡಿ?"

"ನಮ್ಮನೆಗೆ ಬಂದು ಹೋದೋರ ಪುಸ್ತಕ ಸಾರ್. ಎಂಟು ವರ್ಷದ್ದು. ಒಬ್ಬೊಬ್ಬರಿಗೆ ಇಪ್ಪತ್ತಮೂರು ಕಲಮು."

ಶ್ರೀರಾಮುಲು ಹಾಳೆ ತಿರುಗಿಸಿದರು. ಒಂದೆರಡು ಕಡೆ ನಿಂತು ಓದಿದರು. "ಎಲ್ಲರ ಅಜ್ಜಿಯರ ಹೆಸರೂ ಇದೆ. ನಿಮ್ಮ ಹೆಸರೆಲ್ಲಿ?"

ಮರುಳಸಿದ್ದಪ್ಪ ಪುಸ್ತಕವನ್ನು ನೋಡಿದ. "ನಾನು... ನಮ್ಮನೆಗೆ ನಾನು ಬಂದೋನಲ್ಲವಲ್ಲ ಸಾರ್."

"ಐದಕ್ಕೆ ಮುಚ್ತೀವಿ," ಅಂದು ಶ್ರೀರಾಮುಲು ಪುಸ್ತಕವನ್ನು ಮೇಜಿನ ಅಂಚಿಗೆ ಸರಿಸಿ ಮುಂದಿನವರನ್ನು ಕರೆದರು.

ತಂದೆಯ ಮನೆ ಎರಡು ಬೀದಿಯಾಚೆ ಇತ್ತು. ಬಿಸಿಲಲ್ಲಿ ಓಡಿದ. ಎಡಪಕ್ಕದ ಮನೆಯವರು ಹೊಸಬರು. ಬಲಪಕ್ಕದ ಮನೆಯ ಬಾಗಿಲಲ್ಲಿ ಈರಕ್ಕ ಎಂಬ ಮುದುಕಿ ಮೊರದಲ್ಲಿ ಹುರುಳಿ ಕೇರುತ್ತಿದ್ದಳು. ಅವಳಿಗೆ ಅವನ ತಂದೆ ನೆನಪಿತ್ತು, ತಾಯಿ ನೆನಪಿತ್ತು, ಮಗನೂ ನೆನಪಿತ್ತು.

"ಆ ಹುಡ್ಗ ಸಣ್ಣಗೆ ಕಡ್ಡಿ ಇದ್ದಂಗಿದ್ದ ಕಣಪ್ಪ. ನೀನು ಹಿಂಗಿದ್ದೀಯ."

"ನಲವತ್ತು ವರ್ಷ ಆಯ್ತಲ್ಲಮ್ಮ!"

"ಆಯ್ತಪ್ಪ, ಅದ್ಕೇ ಹೇಳ್ತಿರೋದು. ಇರು, ಒಂದು ಕೇಳ್ತೀನಿ. ಅವ್ನು ಒಂದ್ಸಲ ಹಿತ್ಲಲ್ಲಿ ಮರದಿಂದ ಬಿದ್ದು ನಮ್ಮನೆ ಮಂಚದ ಮೇಲೆ ಎರಡು ದಿನ ಮಲಗಿದ್ದ. ಯಾವ ಮರ?"

ಮರುಳಸಿದ್ದಪ್ಪ ಯೋಚಿಸಿದ. ಬಿದ್ದದ್ದು ನೆನಪಿತ್ತು, ಮಂಚ ನೆನಪಿತ್ತು, ಮರ ನೆನಪಿರಲಿಲ್ಲ. "ಸೀಬೆ..." ಅಂದ.

"ನುಗ್ಗೆ ಮರ ಕಣಪ್ಪ."

"ಹಾ, ನುಗ್ಗೆ, ನುಗ್ಗೆ!"

"ಈಗ ನಾನು ಹೇಳಿದ್ಮೇಲೆ ಹೇಳ್ತೀಯ. ಬಿದ್ದೋನಿಗೆ ಗೊತ್ತಿರ್ಬೇಕಲ್ವಾ?" ಈರಕ್ಕನಿಗೆ ಅವನ ಮೇಲೆ ಕೋಪವಿರಲಿಲ್ಲ. ಮಜ್ಜಿಗೆ ಕುಡಿದು ಹೋಗು ಅಂದಳು. ಹೆಬ್ಬೆಟ್ಟು ಒತ್ತಲು ಮಾತ್ರ ಏಳಲಿಲ್ಲ.

ನಾಲ್ಕು ಗಂಟೆಗೆ ಬೆವರುತ್ತಾ ಕಚೇರಿಯ ವರಾಂಡಕ್ಕೆ ಬಂದಾಗ ಕಂಬಕ್ಕೆ ಒರಗಿ ಕೂತಿದ್ದವನು ಅಶ್ವತ್ಥಪ್ಪ. ಅಣ್ಣನಿಂದ ಕೊಂಡ ಹೊಲದ ಪತ್ರಕ್ಕೆ ಬಂದಿದ್ದ. ಮರುಳಸಿದ್ದಪ್ಪ ಅವನ ಮುಂದೆ ಹೋಗಿ ನಿಂತ. ಅವನ ಜೀವನದಲ್ಲಿ ಕೆಂಪು ಮಸಿಯವನೊಬ್ಬನನ್ನು ಕಂಡು ಸಂತೋಷವಾದದ್ದು ಅದೇ ಮೊದಲು.

"ಅಶ್ವತ್ಥಪ್ಪ, ನನ್ನ ಗುರುತು ಸಿಕ್ತಾ?"

"ಸಿಗ್ದೆ ಇರ್ತದಾ? ಮೂರು ದಿನ ಮೂಟೆ ಮೇಲೆ ಮಲ್ಗಿ ಬೆನ್ನು ಹಿಡ್ಕೊಂಡಿತ್ತು. ಎಡಕ್ಕೆ ಹೊರಳಿದ್ರೆ ನೀವೇ ನೆನಪಾಗ್ತಿದ್ರಿ, ಬಲಕ್ಕೆ ಹೊರಳಿದ್ರೂ ನೀವೇ."

"ಹಂಗಾದ್ರೆ ಒಳಗೆ ಬಂದು ಒಂದು ಮಾತು ಹೇಳು. ನಾನು ಮರುಳಸಿದ್ದಪ್ಪ ಅಂತ."

ಅಶ್ವತ್ಥಪ್ಪ ಸುತ್ತಲಿದ್ದವರನ್ನು ಒಮ್ಮೆ ನೋಡಿ, ಕಾಲು ಮಡಚಿ ಸರಿಯಾಗಿ ಕೂತ. "ನಿಮ್ಮನ್ನ ಆ ಜಗಲಿ ಮ್ಯಾಲೆ ನೋಡಿದೀನಿ, ಅದು ದಿಟ. ನೀವು ಮರುಳಸಿದ್ದಪ್ಪ ಅಂತ ನಂಗೆ ಹೇಳಿದ್ದು ಯಾರು? ನೀವೇ. ನಿಮ್ಮಪ್ಪನ ಹೆಸ್ರು ಕೇಳ್ದೆನಾ ನಾನು? ನಿಮ್ಮೂರ ಬಾವಿ ಕೇಳ್ದೆನಾ? ಪೆದ್ದ ನಾನು, ಕೇಳ್ಲಿಲ್ಲ. ಈಗ ಗೊತ್ತಿಲ್ದೇ ಇರೋದಕ್ಕೆ ಹೆಂಗೆ ಸಾಕ್ಷಿ ಹೇಳ್ಲಿ? ನಾಳೆ ಹೆಚ್ಚುಕಮ್ಮಿ ಆದ್ರೆ ಹೊಲ ಉಳೋ ನಾನು ಜೈಲಿಗೆ ಹೋಗ್ಬೇಕಾಯ್ತದೆ."

ವರಾಂಡ ನಕ್ಕಿತು. ಅಶ್ವತ್ಥಪ್ಪ ನಗಲಿಲ್ಲ. ಅವನು ಹೇಳಿದ್ದರಲ್ಲಿ ಕುಚೋದ್ಯ ಅರ್ಧ, ನಿಜವಾದ ಹೆದರಿಕೆ ಅರ್ಧ.

ಆಗ ಮರುಳಸಿದ್ದಪ್ಪನ ಕಣ್ಣು ಅಂಗಳದ ಬೇವಿನಮರದ ಕಡೆ ಹೋಯಿತು. ಮರದ ಕೆಳಗೆ ಪತ್ರ ಬರೆಯುವವನ ಪಕ್ಕದಲ್ಲಿ, ಹಲಗೆಯೊಂದನ್ನು ತೊಡೆಯ ಮೇಲಿಟ್ಟುಕೊಂಡು, ಬಿಳಿ ಅಂಗಿಯ ತೆಳ್ಳಗಿನ ಮನುಷ್ಯ ಬರೆಯುತ್ತಿದ್ದ.

"ಮಲ್ಲಿಕಾರ್ಜುನಪ್ಪನೋರೇ!" ಮರುಳಸಿದ್ದಪ್ಪ ಕೂಗಿದ ಕೂಗು ರಸ್ತೆಗೆ ಕೇಳಿತು.

ಆ ಮನುಷ್ಯ ತಲೆ ಎತ್ತಲಿಲ್ಲ. ಪತ್ರ ಬರೆಯುವವನು ಎತ್ತಿದ. "ಇಲ್ಲಿ ಯಾವ ಮಲ್ಲಿಕಾರ್ಜುನಪ್ಪ ಸ್ವಾಮಿ? ಇವ್ನು ಬೈರಣ್ಣ."

ಬೈರಣ್ಣ ಹಲಗೆ ಕೆಳಗಿಟ್ಟು ಎದ್ದು ಬಂದು ಮರುಳಸಿದ್ದಪ್ಪನನ್ನು ಗೋಡೆಯ ಮೂಲೆಗೆ ಕರೆದುಕೊಂಡು ಹೋದ. ಅವನ ಹಣೆಯಲ್ಲಿ ಇವತ್ತು ವಿಭೂತಿ ಇರಲಿಲ್ಲ.

"ಮಲ್ಲಿಕಾರ್ಜುನಪ್ಪ ಬೇರೆ ಅವ್ರೆ ಸಾವ್ಕಾರ್ರೇ. ಬೆಳುಗುಪ್ಪದಾಗೇ ಅವ್ರೆ, ದೊಡ್ಡ ಮನುಷ್ಯ. ಅವ್ರ ಮನೆ ಭಾಗಪತ್ರ ಆದಾಗ ಚಕ್ಕುಬಂದಿ ಬರ್ಕೊಂಡೋನು ನಾನು. ಮೂಡ್ಲಿಗೆ ಯಾರ ಮನೆ, ಪಡುವಲಿಗೆ ಯಾವ ಬಾವಿ, ತಾತ ಯಾರು, ಮುತ್ತಾತ ಯಾರು, ಎಲ್ಲ ಪತ್ರದಾಗೇ ಇರ್ತದೆ. ಈ ತಾಲ್ಲೂಕಿನಾಗೆ ನಾನು ಬರೀದೇ ಇರೋ ಬಾವಿ ಇಲ್ಲ."

"ನೀನು... ನೀನು ಯಾರು ಮತ್ತೆ?"

"ಬೈರಣ್ಣ. ಬೆಳುಗುಪ್ಪದೋನೇ, ಒಕ್ಕಲು ಮನೆಯೋನು. ಊರು ಸುಳ್ಳಲ್ಲ, ಸೋದರಳಿಯನ ಹೆಣ್ಣೂ ಸುಳ್ಳಲ್ಲ. ಹೆಸ್ರು ಒಂದೇ ಸ್ವಲ್ಪ ಬದ್ಲಾಯಿಸ್ಕೊಂಡೆ. ಬೈರಣ್ಣ ಅಂದಿದ್ರೆ ಕೊಟ್ಟಿಗೆ ಪಕ್ಕದ ಜಗ್ಲಿ ತೋರಿಸ್ತಿದ್ರಿ. ಆಗ ನಂಗೆ ಸೊಂಟ ನೋವು."

"ನಡುಮನೇಲಿ ನನ್ನ ಪಕ್ಕ ಕೂತು ಉಂಡ್ಯಲ್ಲೋ!"

"ಸಾರು ಚೆನ್ನಾಗಿತ್ತು. ಅಮ್ಮಾವ್ರಿಗೆ ಹೇಳಿ," ಅಂದ ಬೈರಣ್ಣ. ಆಮೇಲೆ ಕಚೇರಿಯ ಗಡಿಯಾರ ಕಾಣುವಂತೆ ಕತ್ತು ಚಾಚಿ, "ನಾಲ್ಕೂ ಇಪ್ಪತ್ತು. ಗುರುತು ಹೇಳೋರು ಸಿಗ್ಲಿಲ್ಲ ಅಂತ ಕೇಳ್ದೆ. ನಾನು ನಿಮ್ಮನ್ನ ಬಲ್ಲೆ, ನಿಮ್ಮ ಮನೆ ಬಲ್ಲೆ, ನಿಮ್ಮ ಓನರ್ ನರಸಿಂಹಯ್ಯನೋರ್ನೂ ಬಲ್ಲೆ. ಬೇಕಾದ್ರೆ ಬತ್ತೀನಿ. ಒಂದು ಮಾತು ಮಾತ್ರ, ಒಳಗೆ ನಾನು ಸುಳ್ಳು ಹೇಳಾಕಿಲ್ಲ. ದಿನಾ ಈ ಕಚೇರಿ ಅನ್ನ ಉಣ್ಣೋನು. ಅಲ್ಲಿ ನಾನು ಬೈರಣ್ಣನೇ."

ಅವನು ಮನೆ ಯಾರದು ಎಂದು ನಾಲ್ಕು ದಿನದಲ್ಲಿ, ಒಂದು ಕಲಮೂ ಬರೆದುಕೊಳ್ಳದೆ, ತಿಳಿದುಕೊಂಡಿದ್ದ. ಮರುಳಸಿದ್ದಪ್ಪ ಅವನ ಹಿಂದೆ ಒಳಗೆ ನಡೆದ.

ಶ್ರೀರಾಮುಲು ಬೈರಣ್ಣನನ್ನು ಕಂಡು ತಲೆಯಾಡಿಸಿದರು. ಅವನು ಗೊತ್ತಿದ್ದವರಿಗೆ ಮಾತ್ರ ಗುರುತು ಹೇಳುವವನು ಎಂದು ಅವರಿಗೆ ನಂಬಿಕೆ. ಆದರೂ ಕಾಯಿದೆಯಂತೆ ಕೇಳಲೇಬೇಕು.

"ಹೇಗೆ ಬಲ್ಲೆ?"

"ಮಾಘ ಮಾಸದಾಗೆ ಹಿಂದೂಪುರದಲ್ಲಿ ಇವ್ರ ಮನೇಲಿ ನಾಲ್ಕು ದಿನ ಇದ್ದೆ ಸಾರ್. ಇವ್ರ ಪಕ್ಕದಲ್ಲೇ ಕೂತು ಊಟ ಮಾಡಿದೀನಿ."

"ಹಾಗಿದ್ರೆ ಸುಲಭ ಆಯ್ತು." ಶ್ರೀರಾಮುಲು ಮೇಜಿನ ಅಂಚಿನಲ್ಲಿದ್ದ ಪುಸ್ತಕವನ್ನು ಎಳೆದುಕೊಂಡು ಮಾಘ ಮಾಸ ತೆಗೆದರು. ಬೆರಳನ್ನು ಮೇಲಿಂದ ಕೆಳಗೆ ಜಾರಿಸಿದರು. ಮತ್ತೊಮ್ಮೆ ಜಾರಿಸಿದರು. "ನಿನ್ನ ಹೆಸರಿಲ್ಲವಲ್ಲ?"

ಕಿಟಕಿಯ ಆಚೆಯಿಂದ ಅಶ್ವತ್ಥಪ್ಪನ ದನಿ ಬಂತು. "ನಂದು ಇರ್ಬೇಕು ನೋಡಿ ಸ್ವಾಮಿ. ನಾನು ಉಳ್ಕೊಳ್ಳಿಲ್ಲ, ಆದ್ರೂ ಬರ್ಕೊಂಡ್ರು."

ಇತ್ತು. ಕೆಂಪು ಮಸಿಯಲ್ಲಿತ್ತು. ಶ್ರೀರಾಮುಲು ಗಟ್ಟಿಯಾಗಿ ಓದಿದರು: "ಅಶ್ವತ್ಥಪ್ಪ. ಅಜ್ಜಿಯ ಹೆಸರು ಗೊತ್ತಿಲ್ಲ. ಸಂಶಯಾಸ್ಪದ. ಹೊರಗೆ." ಆಮೇಲೆ ಅವರು ಕನ್ನಡಕದ ಮೇಲಿಂದ ಮರುಳಸಿದ್ದಪ್ಪನನ್ನು ನೋಡಿದರು. "ಉಳಿಯದೇ ಹೋದವರ ಹೆಸರಿದೆ. ನಾಲ್ಕು ದಿನ ಇದ್ದು ಊಟ ಮಾಡಿದವರ ಹೆಸರಿಲ್ಲ. ಏಮಂಡಿ ಇದಿ?"

ಬೈರಣ್ಣ ಗೋಡೆಯ ಮೇಲಿನ ಕ್ಯಾಲೆಂಡರನ್ನು ಗಮನವಿಟ್ಟು ನೋಡುತ್ತಿದ್ದ. ಸರ್ವಮಂಗಳಮ್ಮ ಕೈಚೀಲವನ್ನು ಎತ್ತಿಕೊಂಡು ಎದ್ದು ಹೋಗಲು ಸಿದ್ಧರಾಗಿದ್ದರು. ಕಿಟಕಿಯಲ್ಲಿ ಆರೇಳು ಮುಖಗಳಿದ್ದವು. ಮರುಳಸಿದ್ದಪ್ಪನ ಮುಂದೆ ಎರಡೇ ದಾರಿ. ಅದೇ ಪುಟದ ಕೊನೆಯ ಸಾಲಿನ ಮೇಲೆ ಬೆರಳಿಟ್ಟು, "ಉತ್ತಮ" ಎಂದು ಬರೆದಿರುವ ಮಲ್ಲಿಕಾರ್ಜುನಪ್ಪನೇ ಇವನು, ಎಂಟು ವರ್ಷದ ನನ್ನ ಪರೀಕ್ಷೆ ಬರಿಯ ಬುರುಡೆ, ಬೇರೆ ಹೆಸರಿನವನನ್ನು ನಡುಮನೆಯಲ್ಲಿ ಕೂರಿಸಿ ಉಣ್ಣಿಸಿದ್ದೇನೆ ಎಂದು ಒಪ್ಪಿಕೊಳ್ಳುವುದು ಒಂದು. ಒಪ್ಪಿಕೊಂಡರೆ ಹೆಸರು ಬದಲಿಸಿದ ಸಾಕ್ಷಿ ಎಂದು ಬೈರಣ್ಣನ ಮಾತೂ ಬಿದ್ದುಹೋಗುತ್ತದೆ, ಮನೆಯೂ ಹೋಗುತ್ತದೆ. ಇನ್ನೊಂದು ದಾರಿಯನ್ನು ಅವನು ಹಿಡಿದ.

"ಇವ್ರನ್ನ ಬರ್ಕೊಳ್ಳಲಿಲ್ಲ ಸಾರ್," ಅಂದ. "ಇವ್ರು ಬೇಕಾದವ್ರು. ಮನೆಯವ್ರಿದ್ದಂಗೆ. ಇವ್ರನ್ನ ಏನೂ ಕೇಳೋ ಅವಶ್ಯ ಬೀಳಲಿಲ್ಲ."

"ಹೆಸರು?"

"ಬೈರಣ್ಣ. ಬೆಳುಗುಪ್ಪ. ಒಕ್ಕಲು ಮನೆತನ. ಸೋದರಳಿಯನಿಗೆ ಹೆಣ್ಣು ನೋಡೋಕೆ ಬಂದಿದ್ರು."

ಆ ಹೆಸರನ್ನು ಅವನು ಮೊದಲ ಸಲ ಕೇಳಿ ಇಪ್ಪತ್ತು ನಿಮಿಷವಾಗಿತ್ತು. ಎಲ್ಲೂ ತಡವರಿಸದೆ ಹೇಳಿದ.

"ಓಹೋ," ಅಂದ ಅಶ್ವತ್ಥಪ್ಪ ಕಿಟಕಿಯಿಂದ. "ಕೇಳ್ದೇನೇ ಒಳಗೆ ಬಿಟ್ಕೊಳ್ಳೋ ಜನಾನೂ ಐತೆ ಅನ್ರಿ ಆ ಮನೇಲಿ. ನಂಗೆ ಗೊತ್ತೇ ಇರ್ಲಿಲ್ಲ."

"ಸದ್ದು," ಅಂದರು ಶ್ರೀರಾಮುಲು. ಬೈರಣ್ಣ ಸಹಿ ಹಾಕಿದ. ಮರುಳಸಿದ್ದಪ್ಪ ಸಹಿ ಹಾಕಿ, ಎಡಗೈ ಹೆಬ್ಬೆಟ್ಟನ್ನೂ ಒತ್ತಿದ. ಮಸಿ ಒರೆಸಿಕೊಳ್ಳಲು ಗುಮಾಸ್ತ ಕೊಟ್ಟ ಬಟ್ಟೆಯಲ್ಲಿ ಆಗಲೇ ಊರಿನ ಎಲ್ಲ ಜಾತಿಯ ಬೆರಳುಗಳ ಮಸಿ ಇತ್ತು. ಸರ್ವಮಂಗಳಮ್ಮ ಕೈಚೀಲದಿಂದ ಹಣದ ಗಂಟು ತೆಗೆದರು. ಐದಕ್ಕೆ ಐದು ನಿಮಿಷವಿದ್ದಾಗ ಕ್ರಯಪತ್ರದ ಮೇಲೆ ಕಚೇರಿಯ ಮೊಹರು ಬಿತ್ತು. ಮರುಳಸಿದ್ದಪ್ಪನನ್ನು ಖುದ್ದಾಗಿ ಬಲ್ಲವನು ಬೈರಣ್ಣ ಎಂಬ ಮಾತು ಆ ದಿನದಿಂದ ಸರ್ಕಾರದ ಪುಸ್ತಕದಲ್ಲಿ ಇದೆ.

ಹೊರಗೆ ಮೆಟ್ಟಿಲ ಮೇಲೆ ಬೈರಣ್ಣ ಬೀಡಿ ಹಚ್ಚಿದ. ಮರುಳಸಿದ್ದಪ್ಪ ಜೇಬಿಗೆ ಕೈ ಹಾಕಿದ್ದನ್ನು ಕಂಡು ಬೇಡ ಎಂದು ಕೈಯಾಡಿಸಿದ.

"ಮನೆಯವ್ರಿದ್ದಂಗೆ ಅಂದ್ರಲ್ಲ ಸಾವ್ಕಾರ್ರೇ, ಅಷ್ಟೇ ಸಾಕು. ಆ ಹೆಣ್ಣು ಒಪ್ಪಿಗೆ ಆಗೈತೆ. ಹಬ್ಬ ಆದ್ಮೇಲೆ ಮಾತುಕತೆಗೆ ನಮ್ಮೋರು ಹಿಂದೂಪುರಕ್ಕೆ ಬತ್ತಾರೆ. ಎಲ್ಲಿ ಇಳ್ಸೋದು ಅಂತ ಯೋಚ್ನೆ ಮಾಡ್ತಿದ್ದೆ."

ಹೇಳಬೇಕಾದ್ದನ್ನೆಲ್ಲ ಮರುಳಸಿದ್ದಪ್ಪ ಒಳಗೆ, ಸಾಕ್ಷಿಗಳ ಮುಂದೆ, ಆಗಲೇ ಹೇಳಿಬಿಟ್ಟಿದ್ದ.

ಯುಗಾದಿಯ ಹಿಂದಿನ ದಿನ ನರಸಿಂಹಯ್ಯ ಹಿಂದೂಪುರದ ಮನೆಯನ್ನು ಮರುಳಸಿದ್ದಪ್ಪನ ಹೆಸರಿಗೆ ಬರೆದುಕೊಟ್ಟ. ಹಬ್ಬ ಕಳೆದ ಐದನೆಯ ದಿನ ಬೈರಣ್ಣನ ಅಕ್ಕ, ಸೋದರಳಿಯ, ಮತ್ತೆ ಏಳು ಮಂದಿ ಬಂಧುಗಳು ಕಲ್ಯಾಣದುರ್ಗದ ಕಡೆಯಿಂದ ಬಂದು ಮುಂದಿನ ಎರಡೂ ಕೋಣೆಗಳಲ್ಲಿ ಇಳಿದರು. ಒಂಬತ್ತು ದಿನ ಇದ್ದರು, ನಡುಮನೆಯಲ್ಲಿ ಊಟ ಮಾಡಿದರು.